ಸೂಲಗಿತ್ತಿ ಮಾಳವ್ವ ಕೋಟೆ ಬಾಗಿಲು ತೆಗೆಸಿದ್ದು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೆ ಅವರಜ್ಜಿ ಹೇಳಿದ ಕಾಲದಲ್ಲಿ, ಕರೇಕಲ್ಲು ದುರ್ಗ ಅಂತ ಒಂದು ಊರಿತ್ತಂತೆ. ಬರೀ ಊರಲ್ಲ ಮಗಾ, ಗುಡ್ಡದ ಮೇಲೆ ಕೋಟೆ, ಕೋಟೆ ಒಳಗೆ ಊರು. ಕಾಲು ಈಚೆ ಎಳ್ಕೋ, ಕಂಬಳಿ ಹೊದ್ಕೋ, ಹಾಂ. ಆ ಕೋಟೆಗೆ ಒಬ್ಬ ನಾಯಕ. ಹೊಳೆಯಾಚೆ ಇನ್ನೊಂದು ಸೀಮೆ, ಅದಕ್ಕೊಬ್ಬ ದೊರೆ. ಎರಡು ಸೀಮೆಯವರೂ ಹೆಣ್ಣು ಕೊಟ್ಟು ಹೆಣ್ಣು ತಂದು, ಎತ್ತು ಮಾರಿ ಎತ್ತು ಕೊಂಡು ಚೆನ್ನಾಗೇ ಇದ್ದರಂತೆ. ಒಂದು ಸಲ ಗಡಿಕಲ್ಲು ಸರಿದಿದೆ ಅಂತ ಇವರಂದರು, ಇಲ್ಲ ಅಂತ ಅವರಂದರು, ಮಾತಿಗೆ ಮಾತು ಬೆಳೀತು, ಆಮೇಲೆ ಹೊಳೆಯಾಚೆ ದೊರೆ ತನ್ನ ದಳವಾಯಿಯ ಜೊತೆ ದಂಡು ಕಳಿಸಿದನಂತೆ. ದಂಡು ಬಂದು ಕೋಟೆ ಸುತ್ತ ಡೇರೆ ಹೊಡೀತು. ಒಳಗಿನವರು ಬಾಗಿಲು ಹಾಕ್ಕೊಂಡರು. ಒಳಗಿಂದ ಹೊರಗೆ ಇರುವೆ ಹೋಗೋ ಹಾಗಿಲ್ಲ, ಹೊರಗಿಂದ ಒಳಗೆ ಕಾಳು ಬರೋ ಹಾಗಿಲ್ಲ.

ಯುದ್ಧ ಬಂತು ಅಂತ ಬಸುರಿಯರು ಹೆರೋದು ನಿಲ್ಲಿಸ್ತಾರಾ? ಹೊಟ್ಟೆಯೊಳಗಿನ ಕೂಸಿಗೆ ದಂಡೂ ಗೊತ್ತಿಲ್ಲ, ದಳವಾಯಿಯೂ ಗೊತ್ತಿಲ್ಲ. ತನ್ನ ಹೊತ್ತು ಬಂದಾಗ ಅದು ಬಂದೇ ಬರುತ್ತೆ.

ಆ ಕೋಟೆಯಲ್ಲಿ ಮಾಳವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಸೂಲಗಿತ್ತಿ ಅಂದ್ರೆ ಹೆರಿಗೆ ಮಾಡಿಸೋಳು, ಗೊತ್ತಲ್ಲ? ಗಿಡ್ಡ ಆಳು, ಬಾಯಿ ಜೋರು, ಕೈ ಮಾತ್ರ ಬೆಣ್ಣೆ. ಯುದ್ಧ ಶುರುವಾದ ಮೇಲೆ ಅವಳು ಬೆಳಗಾದರೆ ಸಾಕು, ಬಸುರಿಯರ ಮನೆ ಮನೆ ಸುತ್ತೋಳು. ಒಬ್ಬಳ ಹೊಟ್ಟೆ ಮುಟ್ಟಿ ನೋಡೋಳು, ಇನ್ನೊಬ್ಬಳ ಕಾಲಿಗೆ ಎಣ್ಣೆ ನೀವೋಳು, ಉಳ್ಳವರ ಮನೆಯಿಂದ ಗಂಜಿ ಇಸ್ಕೊಂಡು ಇಲ್ಲದವರ ಮನೆಗೆ ಕೊಡೋಳು. ಹೊರಗೆ ಫಿರಂಗಿ ಢಂ ಅಂದಾಗ ಬಸುರಿಯರು ಬೆದರಿ ಕಿವಿ ಮುಚ್ಚಿಕೊಂಡರೆ, ಏನಿಲ್ಲ ಕಣವ್ವ, ಗೌಡರ ಮನೇಲಿ ಒನಕೆ ಬಿತ್ತು ಅನ್ನೋಳಂತೆ. ಇದೆಂಥ ಒನಕೆ ಮಾಳವ್ವ, ದಿನಾ ಬೀಳುತ್ತಲ್ಲ ಅಂದ್ರೆ, ಗೌಡಸಾನಿ ಕೈಯೇ ಹಂಗೆ, ಯಾವುದೂ ನಿಲ್ಲಲ್ಲ ಅನ್ನೋಳಂತೆ. ಅವರು ಅಳ್ತಿದ್ದೋರು ನಗೋರು. ಗೋಡೆ ಮೇಲೆ ಕಾವಲು ನಿಂತ ಗಂಡಂದಿರನ್ನೂ ಬಿಡ್ತಿರಲಿಲ್ಲ. ಮೀಸೆ ತಿರುವಿದ್ದು ಸಾಕು, ಹೆಂಡತಿ ಸೊಂಟ ನೋವು ಅಂತಿದಾಳೆ, ಇಳಿದು ಹೋಗಿ ಎರಡು ಕೊಡ ನೀರು ಹೊತ್ತು ಹಾಕಿ ಬಾ ಅಂತ ಕೆಳಗಿನಿಂದಲೇ ಕೂಗೋಳಂತೆ. ಅವರೂ ಹೋಗೋರು. ಯಾಕೆ ಹೋಗಲ್ಲ? ಅವರನ್ನೂ ಈ ಭೂಮಿಗೆ ಇಳಿಸಿದ್ದು ಅದೇ ಕೈ.

ಆ ಸೀಮೆಯಲ್ಲಿ ಒಂದು ರೂಢಿ ಇತ್ತಂತೆ, ಹೊಳೆಯ ಈಚೆಗೂ ಆಚೆಗೂ. ಮನೇಲಿ ಹೆಂಗಸಿಗೆ ನೋವು ಬಂತು ಅಂದ್ರೆ, ಆ ಮನೇಲಿ ಒಂದೂ ಗಂಟು ಇರಬಾರದು, ಒಂದೂ ಬೀಗ ಇರಬಾರದು. ಬಾಗಿಲು ತೆಗೀಬೇಕು, ಪೆಟ್ಟಿಗೆ ತೆಗೀಬೇಕು, ಮಡಕೆ ಮುಚ್ಚಳ ತೆಗೀಬೇಕು, ಹೆಂಗಸರು ಜಡೆ ಬಿಚ್ಚಬೇಕು, ಕೊಟ್ಟಿಗೇಲಿ ಕರುವಿನ ಹಗ್ಗ ಬಿಚ್ಚಬೇಕು. ಎಲ್ಲ ಬಿಚ್ಚಿಕೊಂಡರೆ ಕೂಸಿಗೂ ದಾರಿ ಬಿಚ್ಚಿಕೊಳ್ಳುತ್ತೆ ಅಂತ.

ಎಷ್ಟೋ ಹೆರಿಗೆ ಸಲೀಸಾಗಿ ಆದವು, ಮೂರು ಮಾತ್ರ ತಡೆದು ನಿಂತವು. ಮೊದಲನೇದು ಊರಗೌಡನ ಸೊಸೆಗೆ. ಮಾಳವ್ವ ಹೋದಳು, ಹರಳೆಣ್ಣೆ ಬೆಚ್ಚಗೆ ಮಾಡಿದಳು, ಬೆನ್ನು ನೀವಿದಳು, ನಡೆಸಿದಳು, ಕೂರಿಸಿದಳು, ಎಲ್ಲ ಮಾಡಿದಳು, ಕೂಸು ಮಾತ್ರ ಬರ್ತಿಲ್ಲ. ಆಗ ಗೌಡಸಾನಿ ಕಡೆ ತಿರುಗಿ, ಮನೇಲಿ ಏನೋ ಮುಚ್ಚಿದ್ದು ಉಳಿದಿದೆ ನೋಡ್ರಿ ಅಂದಳಂತೆ. ಗೌಡಸಾನಿ, ಇಲ್ವಲ್ಲ ಮಾಳವ್ವ, ಉಪ್ಪಿನಕಾಯಿ ಜಾಡಿ ಕೂಡ ತೆಗೆದಿಟ್ಟಿದೀನಿ ಅಂದಳು. ಅಷ್ಟರಲ್ಲಿ ಸೊಸೆ ಮತ್ತೆ ಕೂಗಿಕೊಂಡಳು. ಗೌಡಸಾನಿ ಸೆರಗು ಬಾಯಿಗೆ ಹಿಡಿದು, ಮೆಲ್ಲಗೆ, ಹಿತ್ತಲಲ್ಲಿ ಹಗೇವು ಒಂದಿದೆ ಅಂದಳಂತೆ.

ಹಗೇವು ಅಂದ್ರೆ ನೆಲದೊಳಗಿನ ಕಣಜ ಮಗಾ. ಬಾವಿ ಹಾಗೆ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಎಳೀತಾರೆ. ಮೇಲೆ ನಡೆದಾಡಿದರೂ ಗೊತ್ತಾಗಲ್ಲ. ಹಗೆ ಅಂತಲೂ ಅಂತಾರೆ ಅದಕ್ಕೆ. ದ್ವೇಷಕ್ಕೂ ಹಗೆ ಅಂತಾರೆ. ಊರಿಗೆ ಊರೇ ಅರೆಹೊಟ್ಟೇಲಿ ಇರೋವಾಗ, ನಮ್ಮನೇಲೂ ಒಂದು ಕಾಳಿಲ್ಲ ಅಂತ ಗೌಡ ನಾಯಕನ ಎದುರು ಕೈ ಮುಗಿದು ಹೇಳಿ ಬಂದಿದ್ದನಂತೆ.

ಮಾಳವ್ವ ಬಯ್ಯಲಿಲ್ಲ. ಹೊರಗೊಂದು ಹಗೆ, ಒಳಗೊಂದು ಹಗೆ, ಹೊರಗಿನದು ನನ್ನ ಕೈಲಾಗಲ್ಲ, ಒಳಗಿನದಾದರೂ ತೆಗೀರಿ ತಾಯಿ ಅಂದಳಂತೆ ಅಷ್ಟೆ. ಆಳುಗಳು ಮಣ್ಣು ಎಳೆದು ಚಪ್ಪಡಿ ಎತ್ತಿದರು. ತೆಗೆದ ಕೂಡಲೇ ಇಳೀಬಾರದು, ಒಳಗೆ ಕೆಟ್ಟ ಗಾಳಿ ಇರುತ್ತೆ, ಅದಕ್ಕೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡ್ತಾ ನಿಂತರು. ಜೋಳದ ವಾಸನೆ ಓಣಿ ತುಂಬ ಹರಡಿತು. ಹಸಿದವರ ಮೂಗು ಕೇಳಬೇಕಾ, ಊರಿಗೆ ಊರೇ ಗೌಡರ ಹಿತ್ತಲಿಗೆ ಬಂತು. ಆಚೆ ದೀಪ ಆರದೆ ಜೋಳದ ರಾಶಿ ಮುಟ್ಟಿತು, ಈಚೆ ಕೂಸು ಕ್ವಾ ಅಂತು. ಗಂಡು ಮಗು. ಗೌಡ ಹೊರಗೆ ಬಂದು ನೋಡ್ತಾನೆ, ಹಗೇವಿನ ಸುತ್ತ ಜನ. ಅವನು ಮೀಸೆ ಒರೆಸಿಕೊಂಡು, ಮೊಮ್ಮಗ ಹುಟ್ಟಿದ ಮೇಲೆ ಊರಿಗೆ ಹಂಚೋಣ ಅಂತಲೇ ಇಟ್ಟಿದ್ದೆ ಅಂದನಂತೆ. ಮಾಳವ್ವ ಕೈ ಒರೆಸಿಕೊಳ್ತಾ, ಹೌದೌದು, ಗೌಡರು ಈಗ ತಾನೇ ಯೋಚಿಸಿದರು ಅಂದಳಂತೆ. ಜನ ನಕ್ಕರು, ಗೌಡನೂ ನಕ್ಕ. ಬಸುರಿ ಬಾಣಂತಿಯರಿಗೆ ಮೊದಲ ಮೊರ, ಆಮೇಲೆ ಮಿಕ್ಕವರಿಗೆ ಅಂತಾಯ್ತು. ಅವತ್ತು ಊರೆಲ್ಲ ಹೊಟ್ಟೆ ತುಂಬ ಮುದ್ದೆ ಉಂಡಿತಂತೆ.

ಎರಡನೇದು ನಾಯಕನ ಹೆಂಡತಿಗೆ. ಮುಸ್ಸಂಜೆ ಹೊತ್ತು, ಅರಮನೇಲಿ. ಅಲ್ಲೂ ಹಂಗೇ. ಅಷ್ಟೂ ಬಾಗಿಲು ತೆಗೆದರು, ಅಷ್ಟೂ ಪೆಟ್ಟಿಗೆ ತೆಗೆದರು, ಆದರೂ ತಾಯಿ ಒದ್ದಾಡ್ತಾಳೆ, ಕೂಸು ಬರಲ್ಲ. ಇನ್ನೇನು ಕಟ್ಟಿದ್ದು ಉಳಿದಿದೆ ಬುದ್ಧಿ ಅಂತ ಮಾಳವ್ವ ಕೇಳಿದಳು. ಏನಿಲ್ಲ ಅಂದ ನಾಯಕ. ಪಕ್ಕದಲ್ಲಿ ಅವನ ತಾಯಿ ಇದ್ದಳು, ದೊಡ್ಡವ್ವ ಅಂತ ಕರೀತಿದ್ದರು ಎಲ್ಲರೂ. ಅವಳು, ಸುಳ್ಳು ಯಾಕೆ ಹೇಳ್ತೀಯೋ, ನೆಲಮಾಳಿಗೇಲಿ ಆ ದಂಡಿನ ಮೂರು ಜನರನ್ನ ಕಂಬಕ್ಕೆ ಕಟ್ಟಿ ಹಾಕಿದೀಯಲ್ಲ ಅಂದಳಂತೆ.

ನಾಯಕ ಅಂದ, ಅವ್ವಾ ಅವರು ಶತ್ರುಗಳು. ದೊಡ್ಡವ್ವ ಅಂದಳು, ಇರಲಿ, ಕಟ್ಟಿರೋದು ನಮ್ಮ ಮನೇಲಿ ತಾನೇ? ನಾಯಕ ಹಲ್ಲು ಕಚ್ಚಿಕೊಂಡು ತಾನೇ ಕೆಳಗೆ ಹೋಗಿ ಹಗ್ಗ ಬಿಚ್ಚಿದನಂತೆ. ಮೂವರಲ್ಲಿ ಒಬ್ಬ ಮುದುಕ, ಗುಡ್ಡಪ್ಪ ಅಂತ ಅವನ ಹೆಸರು. ಮೇಲಿಂದ ಕೂಗು ಕೇಳಿ ಅವನಿಗೆ ಯಾಕೆ ಬಿಚ್ಚಿದರು ಅಂತ ತಿಳೀತು. ಮೂವರೂ ಓಡಲಿಲ್ಲ, ಜಗಳ ಆಡಲಿಲ್ಲ, ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಹಣೆ ನೆಲಕ್ಕೆ ಹಚ್ಚಿ, ತಾಯಿ ಮಗು ಸುಖವಾಗಿ ಬೇರೆ ಬೇರೆ ಆಗಲಪ್ಪ ಅಂತ ತಮ್ಮ ದೇವರಿಗೆ ಬೇಡಿಕೊಂಡರಂತೆ. ಸ್ವಲ್ಪ ಹೊತ್ತಿಗೆ ಕೂಸು ಬಂತು. ಅದೂ ಗಂಡು.

ಆಮೇಲೆ ನೋಡು ಫಜೀತಿ. ಹೆರಿಗೆಗೆ ಬಿಚ್ಚಿದ ಗಂಟನ್ನ ಪುರುಡು ಕಳೆಯೋವರೆಗೆ ಮತ್ತೆ ಹಾಕೋ ಹಾಗಿಲ್ಲ. ಪುರುಡು ಅಂದ್ರೆ ಕೂಸು ಹುಟ್ಟಿದ ಮೇಲಿನ ಮೈಲಿಗೆ ದಿನಗಳು. ಅಷ್ಟು ದಿನ ಶತ್ರುಗಳನ್ನ ಕಟ್ಟೋ ಹಾಗೂ ಇಲ್ಲ, ಬಿಟ್ಟು ಕೂರಿಸಿಕೊಂಡು ಉಣ್ಣಿಸೋ ಹಾಗೂ ಇಲ್ಲ. ನಾಯಕ ತಲೆ ಕೆರೆದುಕೊಂಡು, ಕೊನೆಗೆ ಮೂವರನ್ನೂ ದೊಡ್ಡ ಬುಟ್ಟೀಲಿ ಕೂರಿಸಿ ಗೋಡೆಯಿಂದ ಆಚೆ ಇಳಿಸಿಬಿಟ್ಟನಂತೆ. ಇಳಿಯೋವಾಗ ದೊಡ್ಡವ್ವ ಅವರ ಕೈಗೆ ಒಂದೊಂದು ಹಿಡಿ ಕೊಬ್ಬರಿ ಸಕ್ಕರೆ ಹಾಕಿದಳಂತೆ, ಮೊಮ್ಮಗ ಹುಟ್ಟಿದ್ದಾನಲ್ಲ.

ನಿದ್ದೆ ಬಂತಾ? ಇಲ್ವಾ. ಹಂಗಾದ್ರೆ ಮೂರನೇದು ಕೇಳು. ಅದೇ ಕಷ್ಟದ್ದು.

ಕೋಟೆ ಹೆಬ್ಬಾಗಿಲು ಕಾಯೋನು ತಿಪ್ಪಯ್ಯ ಅಂತ. ಅವನ ಮನೆ ಎಲ್ಲಿ ಅಂದ್ರೆ, ಬಾಗಿಲಿನ ಗೋಡೆಯೊಳಗೇ ಒಂದು ಕೋಣೆ. ಮನೆಗೆ ಬೇರೆ ಬಾಗಿಲೇ ಇಲ್ಲ, ಕೋಟೆ ಬಾಗಿಲೇ ಅವನ ಮನೆ ಬಾಗಿಲು. ಅವನ ಹೆಂಡತಿ ಸಾಕವ್ವ. ಅವಳ ತವರು ಹೊಳೆಯಾಚೆ ನೇರಲಹಳ್ಳಿ. ಮೊದಲ ಹೆರಿಗೆ ತವರಲ್ಲಿ ಆಗಬೇಕು ಅಲ್ವಾ? ಅವಳನ್ನ ಕರೆದೊಯ್ಯೋಕೆ ಅಣ್ಣ ಗಾಡಿ ತರ್ತೀನಿ ಅಂತ ಹೇಳಿ ಕಳಿಸಿದ್ದ, ಅಷ್ಟರಲ್ಲಿ ದಂಡು ಬಂತು, ದಾರಿ ಮುಚ್ಚಿತು. ಸಾಕವ್ವ ಆ ಕಲ್ಲು ಕೋಣೆಯಲ್ಲಿ ಉಳಿದುಬಿಟ್ಟಳು. ಅದರ ಮೇಲೆ ಊರಿನ ಕೆಲವು ಹೆಂಗಸರು ಬೇರೆ, ನಿಮ್ಮೋರು ಹೊಡೀತಿರೋ ಫಿರಂಗಿ ಕೇಳ್ತೇನೇ ಅಂತ ನೀರಿನ ಹತ್ತಿರ ಚುಚ್ಚೋರು. ಅವಳು ಮಾತಾಡೋದೇ ಬಿಟ್ಟಿದ್ದಳಂತೆ. ಮಾಳವ್ವ ಒಬ್ಬಳೇ ದಿನಾ ಹೋಗಿ ಕೂತು, ತಲೆ ಬಾಚಿ, ಗಂಜಿ ಕುಡಿಸಿ ಬರೋಳು.

ಅವಳಿಗೆ ನೋವು ಬಂತು. ಬೆಳಗ್ಗೆ ಬಂದದ್ದು ನಡುಹಗಲಾದರೂ ಬಿಡುಗಡೆ ಇಲ್ಲ. ಸಾಕವ್ವ ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಒಂದು ಸದ್ದು ಮಾಡದೆ ಮಲಗಿದ್ದಳಂತೆ. ಕೂಗೋ ಹೆಂಗಸಿಗೆ ಮಾಳವ್ವ ಹೆದರ್ತಿರಲಿಲ್ಲ, ಕೂಗದೆ ಇರೋಳನ್ನ ಕಂಡು ಹೆದರಿದಳು. ಕೈಕಾಲು ತಣ್ಣಗಾಗ್ತಾ ಬಂದವು. ಆಗ ಮಾಳವ್ವ ಎದ್ದು ಹೊರಗೆ ಬಂದು, ತಿಪ್ಪಯ್ಯ, ಮನೆ ಬಾಗಿಲು ತೆಗಿ ಅಂದಳಂತೆ.

ತಿಪ್ಪಯ್ಯ ಬಾಗಿಲು ನೋಡಿದ. ಆನೆ ಗುದ್ದಿದರೂ ಅಲ್ಲಾಡದ ಬಾಗಿಲು. ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಸುದ್ದಿ ನಾಯಕನಿಗೆ ಮುಟ್ಟಿ ಅವನು ಓಡಿ ಬಂದ. ಬಂದವನೇ, ಹುಚ್ಚು ಹಿಡೀತೇನೇ ಮಾಳಿ, ಅವಳು ಆಚೆ ಸೀಮೆಯೋಳು, ಇದು ಅವರ ಹೂಟ ಅಂದ. ಮಾಳವ್ವ, ಹೂಟ ಹೂಡೋಕೆ ಒಂಬತ್ತು ತಿಂಗಳು ಹೊತ್ತಳಾ ಬುದ್ಧಿ ಅಂದಳು. ನಿನ್ನ ಹೆಂಡತಿಗೆ ಹಗ್ಗ ಬಿಚ್ಚಿದೆಯಲ್ಲೋ ಅಂದಳು ದೊಡ್ಡವ್ವ. ಅವ್ವಾ ಅದು ಹಗ್ಗ, ಇದು ಕೋಟೆ ಬಾಗಿಲು, ಇದು ತೆಗೆದರೆ ಊರೇ ಹೋಗುತ್ತೆ ಅಂದ ನಾಯಕ. ಅವನ ಮಾತೂ ಸುಳ್ಳಲ್ಲ.

ಆಗ ತಿಪ್ಪಯ್ಯ ಮಾಳವ್ವನ ಹತ್ತಿರ ಬಂದು ಮೆಲ್ಲಗೆ ಕೇಳಿದನಂತೆ.

“ಯವ್ವಾ, ನನಗೊಂದು ನಿಜ ಹೇಳು. ಬಾಗಿಲು ತೆಗೆದರೆ ಕೂಸು ಬರುತ್ತಾ?”

“ನನಗೆ ಗೊತ್ತಿಲ್ಲ ಕಣಪ್ಪ,” ಅಂದಳಂತೆ ಮಾಳವ್ವ. “ಬೀಗಕ್ಕೂ ಬಸಿರಿಗೂ ಏನು ನಂಟೋ ನಾನು ಕಂಡಿಲ್ಲ. ಆದ್ರೆ ನನಗೋಸ್ಕರ ಒಂದು ಮನೆ ಪೂರ್ತಿ ಬಿಚ್ಚಿಕೊಂಡು ಕಾಯ್ತಾ ಇದೆ ಅಂತ ಹೆಂಗಸಿಗೆ ಕೇಳಿಸಬೇಕು. ಇವಳಿಗೆ ಇಲ್ಲಿಗೆ ಬಂದಾಗಿನಿಂದ ಬಾಗಿಲು ಹಾಕೋ ಸದ್ದೊಂದೇ ಕೇಳಿಸಿದೆ.”

ತಿಪ್ಪಯ್ಯ ಸೊಂಟದಿಂದ ಬೀಗದ ಕೈ ತೆಗೆದು ಕೈಲಿ ಹಿಡ್ಕೊಂಡ. ಅಷ್ಟು ಹೊತ್ತಿಗೆ ಓಣಿ ಕಡೆಯಿಂದ ಹೆಂಗಸರು ಬಂದರಂತೆ. ಯಾರು? ಯುದ್ಧ ಶುರುವಾದ ಮೇಲೆ ಮಾಳವ್ವನ ಕೈಲಿ ಹೆತ್ತವರು. ಬಾಣಂತಿಯರು ಹೊರಗೆ ಬರಬಾರದು, ಗಾಳಿ ಸೋಕಬಾರದು, ಆದರೂ ತಲೆಗೆ ಬಟ್ಟೆ ಕಟ್ಟದೆ, ಕೂದಲು ಬಿಟ್ಟುಕೊಂಡೇ, ಎದೆಗೆ ಕೂಸು ಅವಚಿಕೊಂಡು ಬಂದರು. ಗೌಡನ ಸೊಸೆ ಬಂದಳು. ನೀರಿನ ಹತ್ತಿರ ಸಾಕವ್ವನನ್ನ ಚುಚ್ಚಿದ್ದ ಹೆಂಗಸೂ ಬಂದಳು. ಕೊನೆಗೆ ನಾಯಕನ ಹೆಂಡತಿಯೂ ಬಂದಳು. ಎಲ್ಲರೂ ಬಾಗಿಲಿನ ಮುಂದೆ, ಬಂಟರ ಕತ್ತಿಗಳ ನಡುವೆ, ಕೂಸು ಮಡಿಲಲ್ಲಿ ಹಾಕ್ಕೊಂಡು ಕೂತುಬಿಟ್ಟರಂತೆ.

ನಾಯಕ ಹೆಂಡತೀನ ನೋಡಿದ, ಮಗನ್ನ ನೋಡಿದ. ಆಮೇಲೆ ಗಂಟಲು ಸರಿ ಮಾಡಿಕೊಂಡು, ಆ ಕಡೆ ಪಡುವಣ ಗೋಡೆ ಸ್ವಲ್ಪ ಸಡಿಲ ಆಗಿದೆಯಂತೆ, ನೋಡಿ ಬರ್ತೀನಿ ಅಂತ ಯಾರಿಗೂ ಅಲ್ಲದ ಹಾಗೆ ಹೇಳಿ, ತಿರುಗಿ ಹೊರಟುಹೋದನಂತೆ. ತಿಪ್ಪಯ್ಯ ಬೀಗಕ್ಕೆ ಕೈ ಹಾಕಿದ. ಆ ಬಾಗಿಲು ಎಂಥ ಸದ್ದು ಮಾಡ್ತು ಅಂದ್ರೆ, ಕೋಣೆಯೊಳಗೆ ಸಾಕವ್ವ ಕಣ್ಣು ಬಿಟ್ಟಳಂತೆ.

ಇನ್ನು ಆಚೆ ದಂಡಿನಲ್ಲಿ ಏನಾಯ್ತು? ನಡುಹಗಲಲ್ಲಿ ಹೆಬ್ಬಾಗಿಲು ಬಾಯಿ ತೆಗೆದು ನಿಂತಿದೆ, ಅಡ್ಡ ನಿಲ್ಲೋಕೆ ಒಬ್ಬ ಬಂಟನೂ ಮುಂದೆ ಬಂದಿಲ್ಲ. ದಳವಾಯಿ ಬೆವತುಬಿಟ್ಟ. ಇದರಲ್ಲಿ ಮೋಸ ಇದೆ, ಒಳಗೆ ಗುಂಡಿ ತೋಡಿದಾರೆ, ಮೇಲೆ ಕಾದ ಎಣ್ಣೆ ಇಟ್ಕೊಂಡಿದಾರೆ, ಯಾರೂ ಕದಲಬೇಡಿ ಅಂದ. ಗುಡ್ಡಪ್ಪ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಬಾಗಿಲಲ್ಲಿ ಹೆಂಗಸರು ಕೂದಲು ಬಿಟ್ಟುಕೊಂಡು ಕೂತಿದಾರೆ.

“ದಳವಾಯಿಗಳೇ, ಅದು ಯುದ್ಧ ಅಲ್ಲ, ಹೆರಿಗೆ,” ಅಂದನಂತೆ.

ಆಮೇಲೆ ಅವನು ನೆಲಮಾಳಿಗೆ ಕತೆ ಹೇಳಿದ. ನಮ್ಮ ಹಗ್ಗ ಬಿಚ್ಚಿದವರು ಅವರು, ಈಗ ನಮ್ಮ ಸರದಿ ಅಂತ ಹೇಳಿ, ಸೊಂಟದ ಪಟ್ಟಿ ಬಿಚ್ಚಿ ಕತ್ತಿ ಸಮೇತ ನೆಲಕ್ಕೆ ಹಾಕಿದ. ದಂಡು ಅಂದ್ರೆ ಯಾರು ಮಗಾ? ಎಲ್ಲ ನೇಗಿಲು ಹೂಡೋರು, ಕುರಿ ಕಾಯೋರು, ಎಲ್ಲರ ಮನೇಲೂ ಹೆಂಡತಿ ಇದ್ದಳು, ತಂಗಿ ಇದ್ದಳು. ಕಣ್ಣಿಗೆ ಕಾಣೋ ದೂರದಲ್ಲಿ ಗಂಟು ಇಟ್ಟುಕೊಂಡು ಆ ಹೆಂಗಸಿಗೆ ಹೆಚ್ಚು ಕಡಿಮೆ ಆದರೆ ಪಾಪ ಯಾರಿಗೆ? ಒಬ್ಬ ರುಮಾಲು ಬಿಚ್ಚಿದ, ಒಬ್ಬ ಜುಟ್ಟು ಬಿಚ್ಚಿದ, ಒಬ್ಬ ಕುದುರೆ ಬಿಚ್ಚಿದ, ಸೊಂಟದ ಪಟ್ಟಿಯಂತೂ ಎಲ್ಲರೂ ಬಿಚ್ಚಿದರು. ಇನ್ನೊಬ್ಬ ಪುಣ್ಯಾತ್ಮ ಹೋಗಿ ಡೇರೆ ಹಗ್ಗಾನೂ ಬಿಚ್ಚಿಬಿಟ್ಟ, ಅದು ದಳವಾಯಿ ಮೇಲೇ ಕುಸೀತು. ಅವನು ಬಟ್ಟೆ ಒಳಗಿಂದ ತೆವಳಿಕೊಂಡು ಈಚೆ ಬಂದು ನೋಡ್ತಾನೆ, ದಂಡಿಗೆ ದಂಡೇ ಒಂದು ಕೈಲಿ ಪಂಚೆ ಹಿಡ್ಕೊಂಡು ನಿಂತಿದೆ! ಬೈಯೋಕೆ ಬಾಯಿ ತೆಗೆದ. ಏನು ನೆನಪಾಯ್ತೋ ಏನೋ, ಬಾಯಿ ಮುಚ್ಚಿ, ತಾನೂ ಮೆಲ್ಲಗೆ ಸೊಂಟದ ಪಟ್ಟಿ ಸಡಿಲ ಮಾಡಿಕೊಂಡನಂತೆ. ನಗು ಬಂತಾ? ನಗು ನಗು.

ಗುಡ್ಡಪ್ಪ ಕತ್ತಿ ಇಲ್ಲದೆ, ಪಂಚೆ ಹಿಡ್ಕೊಂಡು, ಬಾಗಿಲವರೆಗೆ ನಡೆದು ಬಂದ. ಮಾಳವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು, ಅಲ್ಲೇ ನಿಲ್ಲು, ಗಂಡಸರಿಗೆ ಇಲ್ಲೇನು ಕೆಲಸ ಅಂದಳು. ಯಾರ ಮನೆ ಮಗಳವ್ವ ಅಂತ ಕೇಳಿದ ಅವನು. ನಿಮ್ಮ ಸೀಮೆಯೋಳೇ, ನೇರಲಹಳ್ಳಿ ಕುಂಬಾರ ಬೈಲಪ್ಪನ ಮಗಳು ಅಂದಳು ಇವಳು. ನೇರಲಹಳ್ಳಿಯೋನೇ ಗುಡ್ಡಪ್ಪನೂ, ಪಕ್ಕದ ಓಣಿ. ಆ ಹುಡುಗಿ ನನ್ನ ಬೆನ್ನ ಮೇಲೆ ಕೂತು ಆಡಿದೋಳು, ನಾನು ಫಿರಂಗಿಗೆ ಮದ್ದು ತುಂಬ್ತಾ ಇದ್ದೆನಲ್ಲ ತಾಯಿ ಅಂದನಂತೆ. ಮಾಳವ್ವ, ಅದು ಆಮೇಲೆ ಅಳುವೆಯಂತೆ, ಈಗ ಕೂಗು ಅಂದಳು.

ಅವನು ಅಲ್ಲಿಂದಲೇ ಗಂಟಲು ಬಿಚ್ಚಿ ಕೂಗಿದ.

“ಸಾಕೀ, ತವರಿಂದ ಬಂದಿದೀವಿ ಕಣೇ!”

ಅಷ್ಟೇ ನೋಡು. ಒಳಗೆ ಸಾಕವ್ವ ಬಿಗಿದಿದ್ದ ಮುಷ್ಟಿ ಬಿಟ್ಟು, ಅವ್ವಾ ಅಂತ ಕೂಗಿದಳಂತೆ. ಆ ಕೂಗು ಕೋಟೆ ಗೋಡೆ ದಾಟಿ ದಂಡಿನವರೆಗೂ ಹೋಯ್ತು. ಮಾಳವ್ವ ಒಳಗೆ ಓಡಿ ಅವಳ ಬೆನ್ನ ಹಿಂದೆ ಮಂಡಿ ಕೊಟ್ಟು, ಹಂಗೇ ಮಗಳೇ, ಕೂಗು ಮಗಳೇ, ಎಲ್ಲರೂ ಇದೀವಿ ಅಂದಳು. ಇತ್ತ ಬಂಟರು, ಅತ್ತ ದಂಡು, ನಡುವೆ ಬಾಣಂತಿಯರು, ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಕ್ವಾ ಅಂತ ಒಂದು ಸಣ್ಣ ದನಿ. ಹೆಣ್ಣು ಕೂಸು. ಎರಡೂ ಕಡೆಯವರು ಒಟ್ಟಿಗೇ ಉಸಿರು ಬಿಟ್ಟರಂತೆ, ಗುಡ್ಡದ ಹುಲ್ಲೆಲ್ಲ ಬಾಗಿತಂತೆ.

ಮಾಳವ್ವ ಹೊಕ್ಕುಳ ಬಳ್ಳಿ ಕೊಯ್ದು, ಕೂಸನ್ನ ಕಾಲ ಮೇಲೆ ಹಾಕ್ಕೊಂಡು ನೀರೆರೆದು, ಬಟ್ಟೇಲಿ ಸುತ್ತಿ ಹೊರಗೆ ತಂದಳು. ಎಲ್ಲರಿಗೂ ಕೇಳೋ ಹಾಗೆ ಹೇಳಿದಳಂತೆ, ಈ ಹೆರಿಗೆಗೆ ಯಾರು ಯಾರು ಗಂಟು ಬಿಚ್ಚಿದಿರೋ ಅವರೆಲ್ಲ ಈ ಮನೆಯೋರೇ, ಪುರುಡು ಕಳೆಯೋವರೆಗೆ ಯಾರೂ ಆಯುಧ ಮುಟ್ಟೋ ಹಾಗಿಲ್ಲ. ಪಡುವಣ ಗೋಡೆ ನೋಡಿ ಬಂದ ನಾಯಕ ಕೇಳಿಸಿಕೊಂಡ. ಪಂಚೆ ಹಿಡ್ಕೊಂಡ ದಳವಾಯಿಯೂ ಕೇಳಿಸಿಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಸರಿ ಅಂದರಂತೆ. ಅಂಥ ಹೊತ್ತಲ್ಲಿ ಇನ್ನೇನು ಅಂತಾರೆ?

ಪುರುಡು ಕಳೀತು, ತೊಟ್ಟಿಲು ಹಾಕಿದರು, ಆಚೆ ಈಚೆಯೋರು ಒಂದೇ ಪಂಕ್ತೀಲಿ ಕೂತು ಉಂಡರು. ಆಮೇಲೆ ಗುಡ್ಡಪ್ಪ ಬಂದು, ನಾಯಕರೇ, ಹೆರಿಗೆಯಂತೂ ತವರಲ್ಲಿ ಆಗಲಿಲ್ಲ, ಬಾಣಂತನವಾದರೂ ಆಗಲಿ, ಮಗಳನ್ನ ಕಳಿಸಿಕೊಡಿ ಅಂದ. ಫಿರಂಗಿ ಎಳೆಯೋ ಗಾಡಿಗೆ ಹುಲ್ಲು ಹಾಸಿದರು, ಕಂಬಳಿ ಹಾಸಿದರು, ಸಾಕವ್ವನನ್ನೂ ಕೂಸನ್ನೂ ಕೂರಿಸಿದರು. ಊರ ಹೆಂಗಸರು ಮಡಿಲು ತುಂಬಿದರು. ದಂಡಿಗೆ ದಂಡೇ ಗಾಡಿ ಹಿಂದೆ ಮುಂದೆ ನಡೀತಾ, ಕಲ್ಲು ಬಂದರೆ ಎತ್ತಿ ಹಾಕ್ತಾ, ಹಳ್ಳ ಬಂದರೆ ಚಕ್ರಕ್ಕೆ ಭುಜ ಕೊಡ್ತಾ ಹೊಳೆ ದಾಟಿತಂತೆ. ಮತ್ತೆ ತಿರುಗಿ ಬರಲಿಲ್ಲ. ಬಂದು ಹೊಡೆಯೋದು ಯಾರಿಗೆ? ಮಗಳು ಬಾಳೋ ಮನೆಗೆ ಕಲ್ಲು ಬೀಸೋ ತವರು ಎಲ್ಲಿದೆ? ದೊರೆ ಕೇಳಿದನಂತೆ, ಕೋಟೆ ಎಲ್ಲಿ ದಳವಾಯಿ ಅಂತ. ದಳವಾಯಿ ಅಂದನಂತೆ, ಬುದ್ಧಿ, ಬಾಣಂತಿ ಜೊತೆಗಿದ್ದಳು, ಮೆಲ್ಲಗೆ ಬರಬೇಕಾಯ್ತು.

ನಾಯಕ ಮಾಳವ್ವನಿಗೆ ಕೆರೆ ಕೆಳಗಿನ ಒಳ್ಳೆ ಹೊಲ ಕೊಟ್ಟನಂತೆ. ಬೇಡ ಅಂದಳಾ ಅಂತ ಕೇಳ್ತೀಯಾ? ಬೇಡ ಅನ್ನೋಕೆ ಅವಳೇನು ಸನ್ಯಾಸಿಯಾ? ಇಸ್ಕೊಂಡಳು, ಇನ್ನೊಂದು ಜೊತೆ ಎತ್ತೂ ಇದ್ದರೆ ಚೆನ್ನಾಗಿತ್ತು ಅಂದಳು. ಕೊಟ್ಟರು.

ಗಾಡಿ ಹೊಳೆಯಾಚೆ ಮರೆಯಾಗೋವರೆಗೆ ಅವಳು ಕೋಟೆ ಬಾಗಿಲ ಕಟ್ಟೆ ಮೇಲೆ ಕೂತು ನೋಡ್ತಿದ್ದಳಂತೆ. ದಂಡು ಬಂದಾಗಿನಿಂದ ಸರಿಯಾಗಿ ಮಲಗಿರಲಿಲ್ಲ ಪಾಪ. ಅಲ್ಲೇ, ಸೆರಗು ತಲೆಗೆ ಹಾಕ್ಕೊಂಡು, ಹಾಡುಹಗಲಲ್ಲೇ ನಿದ್ದೆ ಹೋದಳು. ತಿಪ್ಪಯ್ಯ ಬಂದು ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ಅಡ್ಡ ನಿಂತ. ಯುದ್ಧ ಮುಗೀತಲ್ಲ, ಊರಿನ ಜನ ಹೊಲಕ್ಕೆ, ಹೊಳೆಗೆ, ಸಂತೆಗೆ ಅಂತ ಆ ಬಾಗಿಲಲ್ಲೇ ಹೊರಟರು. ಅಲ್ಲಿಗೆ ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ ಕೈಲಿ ಹಿಡ್ಕೊಂಡರು. ಗೌಡನೂ ಹಿಡ್ಕೊಂಡ, ನಾಯಕನೂ ಹಿಡ್ಕೊಂಡ. ಬಂಡಿ ಹೊಡೆಯೋರು ಎತ್ತಿನ ಕೊರಳ ಗಂಟೆ ಒಳಗೆ ಹುಲ್ಲು ತುರುಕಿದರು. ಊರಿಗೆ ಊರೇ ತುದಿಗಾಲಲ್ಲಿ ಅವಳ ಪಕ್ಕ ದಾಟಿ ಹೋಯಿತಂತೆ, ಒಂದು ಸದ್ದಿಲ್ಲದೆ.

ಅವಳು ಮಲಗಿದಳು. ಕತೆಯೂ ಮುಗೀತು, ಇನ್ನು ನೀನೂ ಮಲಗು ಮಗಾ.